ಬರಿ

ಪಾಲಿಕೆ ಕಚೇರಿಯ ಮೂರನೆಯ ಕಿಟಕಿಯಲ್ಲಿ ಕೂತವನು
ನನ್ನ ಆಧಾರ್ ಕಾರ್ಡನ್ನು ಅಮ್ಮನ ಮರಣಪತ್ರದ ಪಕ್ಕಕ್ಕಿಟ್ಟು
ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವಳನ್ನು ನೋಡುವಂತೆ ನೋಡಿದ.
'ಆಡ್‌ನಾವ್ ಜುಳತ್ ನಾಹೀ, ಬಾಯಿ.'

ಅಡ್ಡಹೆಸರು ಹೊಂದುವುದಿಲ್ಲ, ನಿಜ.
ಅದರಲ್ಲಿ ಅವಳು ವಾರಿಜಾ ಶೀನ ಸಾಲ್ಯಾನ್.
ಐವತ್ತೆಂಟು ವರ್ಷ ಈ ಮುಂಬಯಿಯಲ್ಲಿದ್ದಳು,
ಯಾರೂ ಅವಳನ್ನು ಹಾಗೆ ಕೂಗಿದ್ದು ನಾನು ಕೇಳಿಲ್ಲ,
ರೇಶನ್ ಅಂಗಡಿಯವನೊಬ್ಬನನ್ನು ಬಿಟ್ಟರೆ.
ನಾನು ಜಲಜಾಕ್ಷಿ ಕುಂದರ್.
ಅಪ್ಪನದೂ ಅಲ್ಲ, ಗಂಡನದೂ ಅಲ್ಲ,
ಮತ್ತೆ ಯಾರದು ಇದು, ಎಂದ.
ಅವಳದೇ, ಎಂದೆ.
ಅವಳ ಕಾಗದದಲ್ಲೇ ಇಲ್ಲವಲ್ಲ, ಎಂದ.

ಹೇಗೆ ಹೇಳಲಿ, ಹಿಂದೆ ಹದಿನಾಲ್ಕು ಜನ ಉಸ್ಸೆನ್ನುತ್ತಿರುವಾಗ?
ನಮ್ಮಲ್ಲಿ ಬರಿ ಬರುವುದು ತಾಯಿಯಿಂದ,
ಮೂಗಿನ ಹಾಗೆ, ಮೊಣಕಾಲ ನೋವಿನ ಹಾಗೆ.
ಅಪ್ಪನಿಗೆ ಅವನಮ್ಮನದು, ನಮಗೆ ನಮ್ಮಮ್ಮನದು.
ಕೊಲಾಬಾದ ಒಂದೇ ಖೋಲಿ, ಒಂದೇ ಚಾಪೆ, ಎರಡು ಕುಲ.

ಅಪ್ಪ ಬೋಟಿನಲ್ಲಿ ಹೋಗಿ ಒಂಬತ್ತು ದಿನವಾಗಿತ್ತು.
ಮಾವ ನನ್ನ ಕೈಹಿಡಿದು ಕನ್ನಡ ಶಾಲೆಗೆ ಒಯ್ದ.
ಮಾಸ್ತರರು ಬಿಜಾಪುರದ ಕಡೆಯವರು.
ಹುಡುಗಿಯ ಅಡ್ಡಹೆಸರು ಕೇಳಿದರು.
ಮಾವ ಬೆನ್ನು ನೆಟ್ಟಗೆ ಮಾಡಿ ಹೇಳಿದ: 'ಬರಿ, ಕುಂದರ್.'
'ಕುಂದರಲಿ ಬಿಡ್ರಿ, ಮೊದಲ ಹೆಸರ ಹೇಳ್ರಿ,'
ಎಂದು ಅವರು ಬೆಂಚು ತೋರಿಸಿದರು.
ನಾನು ಕೂತೆ.
ಎರಡು ವರ್ಷ ಕಳೆದು ತಮ್ಮನನ್ನು ಅಪ್ಪನೇ ಕರೆದೊಯ್ದ.
ಅವನು ಸಾಲ್ಯಾನ್ ಆಗಿ ಮನೆಗೆ ಬಂದ.
ಅಮ್ಮ ಇಬ್ಬರಿಗೂ ಒಂದೇ ಬಟ್ಟಲಲ್ಲಿ ಗಂಜಿ ಬಡಿಸಿದಳು.

'ಸಾಲ್ಯಾನ್ ಯಾರಾದರೂ ಇದ್ದರೆ ಕಳಿಸಿ.'
ಇದ್ದಾನೆ. ಬೆಸ್ಟ್ ಬಸ್ಸಿನ ಡ್ರೈವರು.
'ಡ್ಯೂಟಿ ಮುಗೀಲಿ ಅಕ್ಕಾ, ಬರ್ತೇನೆ,' ಎಂದ ಫೋನಿನಲ್ಲಿ.
ಒಳ್ಳೆಯವನು. ಬರುತ್ತಾನೆ.
ಕೊನೆಯ ನಾಲ್ಕು ತಿಂಗಳು ಅಮ್ಮನ ಉಗುರು ಕತ್ತರಿಸಿದವಳು
ಬೆಂಚಿನ ಮೇಲೆ ಕಾಯಬಹುದು.
ಬರಿ ಕುಂದರ್.

ಕೂತಲ್ಲೇ ಲೆಕ್ಕ ಹಾಕಿದೆ.
ಮದುವೆಯ ಮರುವರ್ಷ, ತಲೆಗಿಷ್ಟು ಸಕ್ಕರೆ ಸಿಗಲೆಂದು
ಅವಳು ಕಳಚಿಟ್ಟದ್ದು ನನ್ನಲ್ಲಿ ಉಳಿದಿದೆ,
ಊರಿಗೆ ಹೋಗುವಾಗ ನೆರೆಯವರಲ್ಲಿ ಬಿಟ್ಟುಹೋದ ಬಳೆಯಂತೆ.
ಮರಳಿ ಕೇಳಲೇ ಇಲ್ಲ.
ನಾನಾದರೂ ಏನು ಮಾಡಿದೆ? ಮಗಳ ಫಾರ್ಮು ತುಂಬುವ ದಿನ
ಅತ್ತೆಯ ಮುಖ ನೋಡಿ ಸುಮ್ಮನಿದ್ದೆ.
ನನ್ನ ಹೆಣ್ಣುಮಗು ಈಗ ಕಾಗದದಲ್ಲಿ ಪುತ್ರನ್.

ಐದಕ್ಕೆ ಕಿಟಕಿ ಮುಚ್ಚಿತು. ತಮ್ಮ ಐದೂವರೆಗೆ ಬಂದ,
ಖಾಕಿಯಲ್ಲೇ, ಬೆವರುತ್ತ.
ಇಬ್ಬರೂ ಕಟಿಂಗ್ ಚಹಾ ಕುಡಿದೆವು. ನಾಳೆ, ಎಂದೆವು.

ಮನೆಯಲ್ಲಿ ಅಜ್ಜಿಯ ಅಲ್ಯೂಮಿನಿಯಂ ಬುಟ್ಟಿ ಇದೆ.
ಸಾಸೂನ್ ಡಾಕಿನ ಶೆಡ್ಡಿನಲ್ಲಿ ಸಿಗಡಿ ಸುಲಿಯುವಾಗ
ನೂರು ಬುಟ್ಟಿಯ ನಡುವೆ ಅದಲುಬದಲಾಗದಿರಲೆಂದು
ಯಾರಿಂದಲೋ ಮೊಳೆಯಲ್ಲಿ ಚುಚ್ಚಿಸಿದ್ದಳು: ಬಾ. ಕುಂ.
ಬಾಗಿ ಕುಂದರ್. ಓದು ಬಾರದವಳು,
ಹೊತ್ತಾರೆ ನಾಲ್ಕರ ಕತ್ತಲಲ್ಲಿ ಹೆಬ್ಬೆರಳಿಂದ ಸವರಿ
ತನ್ನದನ್ನು ಎತ್ತಿಕೊಳ್ಳುತ್ತಿದ್ದಳಂತೆ. ಆಮೇಲೆ ಅಮ್ಮ ಎತ್ತಿಕೊಂಡಳು.

ರಾತ್ರಿ ಅದರಲ್ಲಿ ಬೆಂಡೆಕಾಯಿ ತೊಳೆದೆ.
ನೀರು ಚೆಲ್ಲುವಾಗ ಚುಕ್ಕಿಗಳು ಬೆರಳಿಗೆ ತಾಗಿದವು,
ಇನ್ನೂ ತುಸು ಒರಟು.
'ಏನು ನೋಡ್ತಾ ಇದ್ದೀ?' ಎಂದಳು ಮಗಳು.
ಕೈ ಕೊಡು, ಎಂದೆ.