ನಾಲ್ಕಿಂಚಿನ ಪೈಪು

ಸುಲ್ತಾನ್‌ಪೇಟೆಯಲ್ಲಿ ಎಂಟು ಮೆಟ್ಟಿಲಿಳಿದರೆ
ನನ್ನ ಬೈಂಡಿಂಗ್ ಅಂಗಡಿ. ಕಿಟಕಿ ಒಂದೇ,
ರಸ್ತೆಯಲ್ಲಿ ಹೋಗುವವರ ಚಪ್ಪಲಿ ಕಾಣುವಷ್ಟು.
ಅದನ್ನೂ ಮುಚ್ಚಿಡುತ್ತಿದ್ದೆ: ಹಾಳೆ ಹಾರುತ್ತವೆ,
ಬಟ್ಟಲಲ್ಲೇ ಅಂಟು ಕೆನೆಗಟ್ಟುತ್ತದೆ.

ಜ್ಯೇಷ್ಠದಲ್ಲಿ ಬಂದಳು ಗುಲ್ನಾಜ್, ಕಾಲೇಜಿನ ಹುಡುಗಿ.
ಲಕ್ಷ್ಮಿ ಪಟದ ಮೊಳೆಗೆ ಒಂದು ಪ್ಲಾಸ್ಟಿಕ್ ಲೋಟ ತೂಗುಹಾಕಿ
"ಮೂರು ತಿಂಗಳು ಮುಟ್ಟಬೇಡಿ ಅಂಕಲ್."
ಒಳಗೆ ಉಗುರಿನಷ್ಟು ಫಿಲ್ಮು,
ಲೆಕ್ಕ ಬರೆಯಲು ಕೂತ ಗುಮಾಸ್ತನ ಹಾಗೆ.
ನಕ್ಕೆ. ಗಾಳಿಯನ್ನು ಲೋಟದಲ್ಲಿ ಅಳೆಯುವವರುಂಟೆ?

ದಸರೆಗೆ ಮೊದಲು ಚೀಟಿಯೊಡನೆ ಬಂದಳು.
ನೆಲದಡಿಯ ಬಂಡೆಯಂತೆ, ಅದರೊಳಗೆ ಚೂರು ಯುರೇನಿಯಂ ಅಂತೆ,
ಅದು ಸವೆಯುತ್ತ ಸವೆಯುತ್ತ ಬಿಡುವ ಉಸಿರಂತೆ ರೇಡಾನು.
ಬಣ್ಣವಿಲ್ಲ, ವಾಸನೆಯಿಲ್ಲ. ನಾಲ್ಕು ದಿನ ತುಂಬುವ ಮೊದಲೇ
ಅರ್ಧಕ್ಕರ್ಧ ಇಲ್ಲವಾಗುತ್ತದೆ; ಇಲ್ಲವಾಗುವಾಗ
ಎದೆಯೊಳಗಿದ್ದರೆ ಅಲ್ಲೇ ಗೀರುತ್ತದೆ.
ಕಲ್ಲಿಗೆ ಜೀವವಿಲ್ಲ ಎಂದವರು ಯಾರು?
ಊರಿನಷ್ಟು ಬಂಡೆ, ಮೇಲೆ ನಾವು
ಮಲಗಿದವನ ಬೆನ್ನಿನ ಇರುವೆಗಳು.

ಯಜಮಾನರು ತುಳಜಾಸಾ ನೆನಪಾದರು.
ಬೀಡಿ ಮುಟ್ಟಿದವರಲ್ಲ. ಮೂವತ್ತೊಂದು ವರ್ಷ ಇಲ್ಲೇ ಕೂತು
ಹೊಲಿದರು, ಕೆಮ್ಮಿದರು.
ಕಾಗದದ ದೂಳು ಎಂದೆವು, ಮೈಲುತುತ್ತದ ಘಾಟು ಎಂದೆವು.
ಕೇಳಿದೆ. ಹುಡುಗಿ ಕಣ್ಣು ತಗ್ಗಿಸಿ ಲೋಟ ಚೀಲಕ್ಕಿಟ್ಟಳು:
"ಹಾಗೆಲ್ಲ ಹೇಳೋಕಾಗಲ್ಲ ಅಂಕಲ್. ಮುಂದಿನದು ನೋಡೋಣ."

ಮುಂದಿನದು ನೋಡಿದವನು ಪ್ಲಂಬರ್ ಸವರಿಯಪ್ಪ.
ಗೋಡೆ ನೆಲ ಕೂಡುವ ಬಿರುಕಿಗೆ, ಬೋರ್‌ವೆಲ್ ಪೈಪಿನ ಸಂದಿಗೆ
ಮುಲಾಮಿನಂಥದೇನೋ ಮೆತ್ತಿದ.
ಮೂಲೆಯ ಚಪ್ಪಡಿ ಕೊರೆದು, ಅಡಿಯಿಂದ ಒಂದು ಬಕೆಟ್ ಮಣ್ಣು ತೆಗೆದು
ಆ ಗುಳಿಗೆ ನಾಲ್ಕಿಂಚಿನ ಪೈಪು ಇಳಿಸಿದ.
ಪೈಪು ಮೂರು ಮಹಡಿ ಏರಿ, ಒಣಹಾಕಿದ ಸಂಡಿಗೆ ದಾಟಿ
ಆಕಾಶಕ್ಕೆ ಬಾಯಿ ಬಿಟ್ಟಿತು; ತುದಿಯಲ್ಲೊಂದು ಪುಟ್ಟ ಫ್ಯಾನು.
"ನಲವತ್ತು ವರ್ಷ ನಾತಕ್ಕೇ ಪೈಪು ಹಾಕಿದ್ದು,
ನಾತವಿಲ್ಲದ್ದಕ್ಕೆ ಇದೇ ಮೊದಲು" ಅಂದ.
ಕರೆಂಟು ಯಾರು ಕಟ್ಟೋದು, ಓನರಮ್ಮ ಕೇಳಿದರು.
ನಾನೇ.

ಈಗ ಕಿಟಕಿಯೂ ತೆರೆದಿದೆ. ಮಾರ್ಕೆಟ್ಟಿನ ಹೊಗೆ, ಹಾರನ್ನು,
ಯಾರದೋ ಮನೆಯ ಬೆಳ್ಳುಳ್ಳಿ ಒಗ್ಗರಣೆ, ಎಲ್ಲ ಒಳಗೆ.
ಹಾಳೆಗಳು ಹಾರುತ್ತವೆ.
ಮೇಲೆ ಹೇರಲು ಸಿಕ್ಕಿದೆ
ನೆಲ ಕೊರೆದಾಗ ಬಂದ ದುಂಡು ಕಲ್ಲು,
ಉಂಡೆಬೆಲ್ಲದ ಗಾತ್ರ.
ಒಮ್ಮೊಮ್ಮೆ ಕಿವಿಗಿಡುತ್ತೇನೆ.
ಏನೂ ಕೇಳಿಸುವುದಿಲ್ಲ.
ಮೇಲೆ ಫ್ಯಾನು ಮಾತ್ರ, ಸಣ್ಣಗೆ, ಬಿಡುವಿಲ್ಲದೆ,
ಯಜಮಾನರು ದಾರ ಎಳೆದಂತೆ.