ಲೆಕ್ಕಕ್ಕೆ ಬಾರದ ನೀರು

ಹಟ್ಟಿಹೊಳೆಯಾಚೆ ತೋಟವೊಂದರಲ್ಲಿ ನಾನು ರೈಟರು.
ರೈಟರೆಂದರೆ ಕತೆ ಬರೆಯುವವನಲ್ಲ:
ಆಳುಗಳ ಹಾಜರಿ, ಗೊಬ್ಬರದ ಚೀಲ,
ಬೆಳಿಗ್ಗೆ ಎಂಟೂವರೆಗೆ ಮಳೆ.
ತಾಮ್ರದ ಡಬ್ಬಿಯಿಂದ ಗಾಜಿಗೆ ಬಗ್ಗಿಸಿ
ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು,
ಎರಡು ಇಂಚು ಹದಿನೇಳು ಸೆಂಟು.
ದೊರೆಗಳು ಶುರು ಮಾಡಿದ ಪುಸ್ತಕ.
ಅಕ್ಷರ ಏಳು ಸಲ ಬದಲಾಗಿದೆ, ಏಳನೆಯದು ನನ್ನದು.
ಮೊದಲನೆಯವನು ಸೊನ್ನೆಯ ಹೊಟ್ಟೆಯಲ್ಲೊಂದು ಚುಕ್ಕೆ ಇಡುತ್ತಿದ್ದ,
ಇನ್ನೂ ಬರಬಹುದು ಎಂಬಂತೆ.

ಹೂಮಳೆಗೆಂದು ಎಲ್ಲರೂ ಆಕಾಶ ನೋಡುತ್ತಿದ್ದ ದಿನ
ಸಬಿಹಾ ಬಂದಳು, ಮೈಸೂರಿನಿಂದ, ನೆಲ ನೋಡಲು.
ಉಳುಮೆ ಬಿಟ್ಟ ಗದ್ದೆಯ ತುದಿಯ ಜೌಗಿನಲ್ಲಿ
ಅವಳೂ ಬೊಳಕನೂ ಉಕ್ಕಿನ ಕೊಳವೆಯೊಂದನ್ನು
ತಿರುಪಿ ತಿರುಪಿ ಇಳಿಸಿದರು,
ಸೊಂಟದುದ್ದ, ಆಳುದ್ದ, ಎರಡಾಳು.
ಬಿದಿರ ಕೊಳವೆಯಿಂದ ತಳ್ಳಿದ ಪುಟ್ಟಿನ ಹಾಗೆ
ಈಚೆ ಬಂತು ಕಪ್ಪು ಮಣ್ಣು, ಹಸಿ ಹಸಿ ವಾಸನೆ.
'ಇದನ್ನು ತಿನ್ನುತ್ತೀರಾ?' ಎಂದ ಬೊಳಕ.
'ಓದುತ್ತೇನೆ' ಎಂದಳು.

ಕಕ್ಕಡದ ಜಡಿಯಲ್ಲಿ ಮತ್ತೆ ಬಂದಳು, ಛತ್ರಿ ಮುರಿದುಕೊಂಡು.
ಮೇಜಿನ ಮೇಲೆ ಮಣ್ಣಿನ ಉದ್ದದ ಚಿತ್ರ ಹಾಸಿ ಹೇಳಿದಳು:
ಇಲ್ಲಿಯವರೆಗೆ ಮರದ ಪರಾಗ, ನೇರಳೆ, ಧೂಪ.
ಇಲ್ಲಿಂದ ಮೇಲೆ ಬರೀ ಹುಲ್ಲು.
ನಡುವೆ?
ಅವಳು ತನ್ನ ಉಗುರು ಇಟ್ಟು ತೋರಿಸಿದಳು, ಅಷ್ಟೇ ದಪ್ಪ.
ಅಷ್ಟರಲ್ಲಿ ಎಷ್ಟು ವರ್ಷ, ಎಂದೆ.
ನೂರೋ, ಇಪ್ಪತ್ತೋ. ಉಗುರಿನೊಳಗೆ ಎಣಿಸಲು ಬರುವುದಿಲ್ಲ.
ದೂರದ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಾದರೆ
ವರ್ಷಕ್ಕೊಂದು ಪದರ, ಅಲ್ಲಿ ಎಣಿಸಿದ್ದಾರೆ:
ಹನ್ನೊಂದು ಸಾವಿರ ಚಿಲ್ಲರೆ ವರ್ಷದ ಹಿಂದೆ
ಒಬ್ಬನ ಆಯುಷ್ಯ ಮುಗಿಯುವುದರೊಳಗೆ ಚಳಿಗಾಲವೇ ಬೇರೆಯಾಯಿತು.
ಕಂಬಳಿ ಹೊದ್ದು ಹುಟ್ಟಿದವನು
ಸಾಯುವಾಗ ಅದನ್ನು ಒದ್ದು ಸತ್ತಿರಬೇಕು.

ನಾನು ನಗಲಿಲ್ಲ.
ಪುಸ್ತಕ ತೆಗೆದು ಆ ಆಗಸ್ಟಿನ ಪುಟ ತೋರಿಸಿದೆ.
ಹದಿನಾರನೇ ತಾರೀಕು: ಹನ್ನೊಂದು ಇಂಚು ನಲವತ್ತು.
ಸುಳ್ಳು ಅದು.
ಬೆಳಿಗ್ಗೆ ಹೋದಾಗ ಡಬ್ಬಿ ಉಕ್ಕಿ ಹರಿಯುತ್ತಿತ್ತು,
ಚೆಲ್ಲಿದ್ದೆಷ್ಟೋ ಯಾರಿಗೆ ಗೊತ್ತು.
ಖಾಲಿ ಬಿಡಲು ಕೈ ಬರಲಿಲ್ಲ, ಬರೆದೆ.
ಎಂಟೂವರೆಗೆ ಎದುರಿನ ಗುಡ್ಡ ಗುಡ್ಡವಾಗಿಯೇ ಇತ್ತು.
ಎಂಟು ಮುಕ್ಕಾಲಿಗೆ ಅದು ಹೊಳೆ.
ಸಿಲ್ವರ್ ಓಕ್ ಮರಗಳು ನಿಂತ ಹಾಗೆಯೇ ನಡೆದು ಹೋದವು,
ಒಂದೂ ಬಾಗದೆ, ಎಲ್ಲಿಗೋ ಕರೆ ಬಂದ ಸಾಲಿನಂತೆ.
ಚಿಟ್ಟಿಯಪ್ಪನ ಲೈನ್‌ಮನೆಯ ಹಂಚು
ಇವತ್ತಿಗೂ ಕೆಳಗಿನ ಹೊಳೆಯಲ್ಲಿ ಸಿಗುತ್ತದೆ.

ಅವಳು ಆ ಅಂಕಿಯನ್ನು ತುಂಬ ಹೊತ್ತು ನೋಡಿದಳು.
ಪೆನ್ಸಿಲ್ಲಿನಲ್ಲಿ ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ ಬರೆದು
'ಇದೂ ದಾಖಲೆಯೇ' ಎಂದಳು.

ಹೋಗುವ ಮೊದಲು ಹೊಸ ಮಳೆಮಾಪಕ ನಿಲ್ಲಿಸಿದಳು.
ಅದರೊಳಗೆ ಏತದಂಥ ಪುಟ್ಟ ತಕ್ಕಡಿ, ಎರಡು ಕಡೆ ಎರಡು ಚಮಚ.
ಕಾಲು ಮಿಲಿಮೀಟರು ತುಂಬಿದರೆ ತಕ್ ಎಂದು ಮಗುಚುತ್ತದೆ,
ಒಂದು ಎಣಿಸುತ್ತದೆ.
ತುಂಬುವುದು ಕೇಳಿಸುವುದಿಲ್ಲ.
ಕೇಳಿಸುವುದು ಮಗುಚಿದ್ದು ಮಾತ್ರ.
ಜೋರು ಮಳೆಯ ರಾತ್ರಿ ಪಕ್ಕದಲ್ಲಿ ಕೂತರೆ
ಯಾರೋ ಅವಸರದಲ್ಲಿ ಅಡಿಕೆ ಕತ್ತರಿಸಿದ ಸದ್ದು.

ನಿನ್ನೆ ಇರುಳೆಲ್ಲ ಸದ್ದಿಲ್ಲ.
ಬೆಳಿಗ್ಗೆ ಪರದೆಯ ಮೇಲೆ ಸೊನ್ನೆ.
ಪುಸ್ತಕದಲ್ಲೂ ಸೊನ್ನೆ ಬರೆದೆ. ಯಾಕೋ ಸಮಾಧಾನವಾಗದೆ
ಹೋಗಿ ಮುಚ್ಚಳ ತೆಗೆದು ನೋಡಿದೆ.
ರಾತ್ರಿಯ ಇಬ್ಬನಿಯೋ, ತೂರಲೋ,
ಒಂದು ಚಮಚ ಅಂಚಿನವರೆಗೂ ತುಂಬಿತ್ತು.
ನೀರಿನ ಬೆನ್ನು ಉಬ್ಬಿತ್ತು, ನಡುಗುತ್ತಿತ್ತು,
ಬೀಳದೆ.

ಉಸಿರು ಬಿಗಿಹಿಡಿದು ಮುಚ್ಚಳ ಮುಚ್ಚಿದೆ,
ಮಲಗಿದವರ ಕೋಣೆಯ ಕದ ಎಳೆಯುವ ಹಾಗೆ.
ಒಳಗೆ ಬಂದು ಪುಸ್ತಕ ತೆರೆದು
ಬರೆದ ಸೊನ್ನೆಯ ಹೊಟ್ಟೆಯಲ್ಲಿ
ಒಂದು ಚುಕ್ಕೆ ಇಟ್ಟೆ.