ಉಗುರುಬೆಚ್ಚಗೆ

ಮಂಗಳವಾರ. ರಾಯದುರ್ಗದಲ್ಲಿ ಇವತ್ತು
ಯಾರೂ ಉಗುರು ತೆಗೆಸೋದಿಲ್ಲ.
ಬಾ ಮಾಬುನ್ನಿ, ಕೂತ್ಕೋ,
ಎಡಗೈ ನನ್ನ ಮೊಣಕಾಲ ಮೇಲಿಡು.
ಪುಸ್ತಕದ್ದು ಆಮೇಲೆ ಓದುವಿಯಂತೆ.

ನೀನು ಬಣ್ಣ ಹಚ್ಚೋ ಈ ಗಟ್ಟಿ ಹಲಗೆ ಐತಲ್ಲ,
ಇದು ಸತ್ತದ್ದು. ಕತ್ತರಿಸಿದರೆ ನೋವಿಲ್ಲ, ರಕ್ತವಿಲ್ಲ.
ಜೀವ ಇರೋದು ಚರ್ಮದ ಮಡಿಕೆಯ ಕೆಳಗೆ,
ಕಣ್ಣಿಗೆ ಬೀಳದ ಬೇರಿನಲ್ಲಿ.
ಅಲ್ಲಿ ಹಗಲೂ ರಾತ್ರಿ ನೇಯ್ತಾನೇ ಇರುತ್ತೆ,
ತಿಂಗಳಿಗೆ ಒಂದು ಜೋಳದ ಕಾಳಿಗಿಂತ ಕಮ್ಮಿ.
ಬುಡದಲ್ಲಿ ಬೆಳ್ಳಗೆ ಇಣುಕೋ ಚಂದ್ರ
ಆ ಮಗ್ಗದ ಅಂಚು. ತೋರಿಸೋದು ಅಷ್ಟೇ.

ಇದು ಹೊರಪೊರೆ. ಕತ್ತರಿಸಬೇಡ,
ಗಿರಾಕಿ ಗೋಗರೆದರೂ ಬೇಡ.
ಬಾಗಿಲ ಸಂದಿಗೆ ಮೆತ್ತಿದ ಮಣ್ಣು ಇದು,
ಕೆರೆದವರ ಮನೆಗೆ ಇರುವೆ ನುಗ್ಗುತ್ತೆ.
ಉಗುರುಸುತ್ತು ಆದವರನ್ನು ಕೇಳು
ರಾತ್ರಿ ಎಷ್ಟು ಉದ್ದ ಅಂತ.
ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತಿದ್ದಳು ನಮ್ಮಜ್ಜಿ.
ಆ ಕೊಡಲಿ ಈಗ ನಮ್ಮ ಡಬ್ಬಿಯಲ್ಲೇ ಐತೆ,
ಸ್ಟೀಲಿಂದು, ನೂರೆಂಬತ್ತು ರೂಪಾಯಿ.

ಬೆಳ್ಳಕ್ಕಿ ಸಾಲು ಹಾರಿದರೆ
ಉಗುರಿಗೆ ಉಗುರು ಉಜ್ಜಿ ಬಿಳಿ ಬೇಡ್ತಿದ್ವಿ.
ಚುಕ್ಕಿ ಬಿದ್ದರೆ ಹೊಸ ಲಂಗ.
ಚುಕ್ಕಿ ಬಿತ್ತು, ಲಂಗ ಬರಲಿಲ್ಲ.
ಅದು ಎಂದೋ ತಗುಲಿದ ಏಟು,
ಮೆಲ್ಲಗೆ ಮೇಲೆ ಬಂದದ್ದು.

ಹಿಟ್ಟಿನ ಗಿರಣಿ ಚೌಡಕ್ಕನ ಹತ್ತೂ ಉಗುರಲ್ಲಿ
ನಟ್ಟನಡುವೆ ಒಂದು ಅಡ್ಡ ತಗ್ಗು,
ನೇಗಿಲು ಒಮ್ಮೆ ನಿಂತು ಎದ್ದ ಹಾಗೆ.
ತಿಂಗಳು ಹಿಂದಕ್ಕೆ ಎಣಿಸಿ ಕೇಳಿದೆ,
ಉಗಾದಿ ಹೊತ್ತಿಗೆ ದೊಡ್ಡ ಜ್ವರ ಬಂದಿತ್ತಾ?
ಕೈ ಎಳಕೊಂಡಳು.
ಬಂದಿತ್ತು, ನನಗಲ್ಲ, ಅಂದಳು.

ಗುಂಡಿಬಿದ್ದ ಉಗುರಿನ ಮೇಲೆ ಒಂದು ಹನಿ ಬಿಡು.
ಜಾರದೆ ಚಮಚದಲ್ಲಿ ನಿಂತ ಹಾಗೆ ನಿಂತರೆ
ಮೈಯಲ್ಲಿ ರಕ್ತ ಕಮ್ಮಿ ಇರಬಹುದು.
ಇರಬಹುದು ಅಂದೆ.
ಹೆಸರಿಡೋದು ನಮ್ಮ ಕಸುಬಲ್ಲ.
ಹಳದಿಯಾಗಿ ದಪ್ಪಗೆ ಪುಡಿಯಾಗೋ ಉಗುರು ಕಂಡರೆ
ಮೊದಲು ನಿನ್ನ ಸಾಮಾನು ದೂರ ಸರಿಸು,
ಅವರ ಮುಖದ ಮೇಲೆ ಮೂಗು ಮುರಿಯಬೇಡ.

ಈ ಊರಲ್ಲಿ ನೀಲಿ ಮಾತ್ರ ಕಷ್ಟ ಕಣೆ.
ಜೀನ್ಸ್ ಹೊಲಿಯೋರ ಕೈ, ಮೂಗಿನ ತುದಿ,
ರೊಟ್ಟಿ ಮೇಲೂ ನೀಲಿ ಬೆರಳಚ್ಚು.
ನಿಂಬೆಹೋಳು, ಉಗುರುಬೆಚ್ಚಗಿನ ನೀರು,
ಹತ್ತು ನಿಮಿಷಕ್ಕೆ ಹೋಗುತ್ತೆ.
ಆ ಮಾತು ನೋಡು, ಉಗುರುಬೆಚ್ಚಗೆ.
ಸತ್ತ ಉಗುರಿಗೂ ಬಿಸಿ ತಿಳಿಯುತ್ತೆ ಅಂತ
ಯಾರೋ ಹಿಂದೆ ನಂಬಿದ್ದರು.

ಗುಂಡಿ ಹೊಡೆಯೋ ಓಬಕ್ಕ ಬಂದಿದ್ದಳು,
ಮಗಳ ಮದುವೆಗೆ ನಾಲ್ಕು ದಿನ ಇತ್ತು.
ಅಂಚಿನ ನೀಲಿ ನೀರಿಗೆ ಬಿಟ್ಟಿತು.
ಅಡಿಯ ನೀಲಿ ಬಿಡಲಿಲ್ಲ.
ಎರಡು ಸಲ ನೀರು ಬದಲಿಸಿದೆ.
ಬೆರಳ ತುದಿ ತಮಟೆಗೋಲಿನ ತುದಿಯ ಹಾಗೆ ಉಬ್ಬಿತ್ತು.
ಹತ್ತಿದ್ದು ಹನ್ನೆರಡೇ ಮೆಟ್ಟಿಲು,
ಇನ್ನೂ ಮಾತಿಗೆ ಉಸಿರು ಸಾಲ್ತಿರಲಿಲ್ಲ.

ನಿನ್ನ ಎರಡೂ ತೋರುಬೆರಳು ತಗೋ,
ಉಗುರಿಗೆ ಉಗುರು ಬೆನ್ನು ಕೊಟ್ಟು ಹಿಡಿ.
ನಡುವೆ ಎಳ್ಳಿನಷ್ಟು ಬೆಳಕು. ಕಾಣ್ತಾ?
ಅವಳದರಲ್ಲಿ ಆ ಕಿಟಕಿ ಮುಚ್ಚಿತ್ತು.

ಕೆಂಪು ಹಚ್ಚು, ಬೀಗರು ಕೈ ನೋಡ್ತಾರೆ, ಅಂದಳು.
ಒಂಬತ್ತಕ್ಕೆ ಹಚ್ಚಿದೆ.
ಬಲಗೈ ತೋರುಬೆರಳು ಬರಿದೇ ಬಿಟ್ಟೆ.
ಇದು ಬಳ್ಳಾರಿ ಡಾಕ್ಟರಿಗೆ, ಅಂದೆ,
ಬೆರಳಿಗೆ ಒಂದು ಕ್ಲಿಪ್ಪು ಹಾಕ್ತಾರೆ,
ಬಣ್ಣ ಇದ್ದರೆ ಅದಕ್ಕೆ ಸರಿಯಾಗಿ ಕಾಣೋದಿಲ್ಲ.
ನಕ್ಕಳು.
ಒಂಬತ್ತಕ್ಕೇ ದುಡ್ಡು ಕೊಟ್ಟಳು.

ಹೋದಳೋ ಇಲ್ಲವೋ.
ನೀನು ತೋರಿಸಿದ ಮದುವೆ ಫೋಟೋದಲ್ಲಿ
ಕೈ ಸೆರಗಿನೊಳಗಿತ್ತು,
ಎಣಿಸೋಕೆ ಆಗಲಿಲ್ಲ.

ಸಾಕು, ಕೈ ತಗೋ.
ಹೆಬ್ಬೆರಳ ಪಕ್ಕ ಕಚ್ಚೋ ಚಾಳಿ ಬಿಡು.
ನೀರು ಆರಿತು, ಚೆಲ್ಲಿ ಬಾ.